ಆಲೆಮನೆ ಮಾವನಿಗೆ, ಜೊತೆಗೆ ನಿಂತ ಎಲ್ಲರಿಗೂ

ಹೈಕೋರ್ಟಿನ ತೀರ್ಪು ಬಂತು. ಅಣ್ಣನ ಮೇಲೆ ಮಚ್ಚು ಬೀಸಿದವನಿಗೆ ಸೆಷನ್ಸ್ ಕೋರ್ಟ್ ಕೊಟ್ಟಿದ್ದು ಎರಡು ವರ್ಷ. ಅದು ಸಾಲದು ಅಂತ ಸರ್ಕಾರ ಹಾಕಿದ್ದ ಮೇಲ್ಮನವಿಯನ್ನು ಒಪ್ಪಿ ಏಳು ವರ್ಷ ಮಾಡಿದ್ದಾರೆ. ಫೋನ್ ಮಾಡಿದವರ ಹತ್ತಿರ ಸರಿಯಾಗಿ ಮಾತಾಡಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಜಗಳ ಯಾಕಾಯಿತು, ಅಣ್ಣನ ಕೈ ಈಗ ಹೇಗಿದೆ ಅನ್ನೋದೆಲ್ಲ ನಿಮಗೆ ಗೊತ್ತೇ ಇದೆ.

ಮೊದಲು ಮಾವನ ವಿಷಯ. ಅವರು ನಮಗೆ ನೆಂಟರೇನಲ್ಲ, ಗದ್ದೆ ಪಕ್ಕದ ಆಲೆಮನೆಯವರು. ಅವತ್ತು ಕೊಪ್ಪರಿಗೆಯಲ್ಲಿ ಪಾಕ ಕುದಿಯುತ್ತಿತ್ತು. ಅದನ್ನು ಹಾಗೇ ಬಿಟ್ಟು ಓಡಿ ಬಂದರು. ಹೆಗಲ ಮೇಲಿನ ಟವೆಲ್‌ನಿಂದ ಅಣ್ಣನ ತೋಳು ಬಿಗಿದು, ತಮ್ಮ ಗೂಡ್ಸ್ ಆಟೋದಲ್ಲೇ ಮಂಡ್ಯಕ್ಕೆ ಕರೆತಂದರು. ಅಲ್ಲಿಂದ ಆಂಬುಲೆನ್ಸ್‌ನಲ್ಲಿ ಮೈಸೂರಿನ ದೊಡ್ಡಾಸ್ಪತ್ರೆಗೂ ಬಂದರು. ರಾತ್ರಿಯಿಡೀ ಆಪರೇಷನ್ ಥಿಯೇಟರ್ ಹೊರಗೆ, ನೆಲದ ಮೇಲೆ, ನಮ್ಮವ್ವನ ಪಕ್ಕ ಕೂತಿದ್ದರು. ಅಂಗಿ ತೋಳಿನಲ್ಲಿ ರಕ್ತ ಒಣಗಿ ಗಟ್ಟಿಯಾಗಿತ್ತು. ಅವ್ವ ಅತ್ತಾಗೆಲ್ಲ "ಉಸಿರಾಡ್ತಾವ್ನೆ ಕಣವ್ವ, ಸುಮ್ಕಿರು" ಅನ್ನುತ್ತಿದ್ದರು. ಬೇರೆ ಮಾತೇ ಇಲ್ಲ. ಬೆಳಗ್ಗೆ ಊರಿಗೆ ಹೋದರೆ ಪಾಕವೆಲ್ಲ ಸೀದು ಕೊಪ್ಪರಿಗೆ ತಳ ಹಿಡಿದಿತ್ತಂತೆ. ಆ ನಷ್ಟದ ಮಾತನ್ನು ಅವರು ಇವತ್ತಿನವರೆಗೂ ಎತ್ತಿಲ್ಲ.

ಆಮೇಲೆ ರಾಜಿ ಮಾತು ಶುರುವಾಯಿತು. ಒಂದೇ ಊರು, ಒಂದೇ ನಾಲೆ ನೀರು, ಯಾಕೆ ಬೇಕು ಅಂತ ಮಾವನ ಬಾಗಿಲಿಗೆ ಎಷ್ಟೋ ಜನ ಹೋದರು. ಇನ್ನು ನಿನ್ನ ಆಲೆಮನೆಗೆ ಕಬ್ಬು ಹಾಕಲ್ಲ ಅಂತಲೂ ಹೆದರಿಸಿದರು. ಬೇರೆ ಸಾಕ್ಷಿಗಳು ಉಲ್ಟಾ ಹೊಡೆದರು. ಮಾವ ಹೊಡೆಯಲಿಲ್ಲ. ಕತ್ತಲಲ್ಲಿ ಹೇಗೆ ಕಂಡಿತು ಅಂತ ಪಾಟೀಸವಾಲಿನಲ್ಲಿ ಕೇಳಿದ್ದಕ್ಕೆ, "ಒಲೆ ಉರೀತಿತ್ತು ಸ್ವಾಮಿ, ಆ ಬೆಳಕಲ್ಲೇ ಕಂಡೆ" ಅಂದರು. ಕೇಸು ನಿಂತಿದ್ದೇ ಆ ಮಾತಿನ ಮೇಲೆ.

ಅಷ್ಟಾದರೂ ಎರಡೇ ವರ್ಷ. ಆಗಿದ್ದ ಭಾರತೀಯ ದಂಡ ಸಂಹಿತೆಯ ಕೊಲೆಯತ್ನದ 307ನೇ ಕಲಂನಲ್ಲಿ, ಗಾಯವಾಗಿದ್ದರೆ ಜೀವಾವಧಿವರೆಗೂ ಕೊಡಬಹುದಿತ್ತು. ಅವತ್ತು ಅಣ್ಣ ಕೇಳಿದ: "ಅವನು ಆಚೆ ಬರೋ ಹೊತ್ಗೆ ನಂಗೆ ಕುಡುಗೋಲು ಹಿಡಿಯೋಕೆ ಬತ್ತದಾ?" ಇದನ್ನು ಬರೆಯುವಾಗ ಈಗಲೂ ಮೈ ಉರಿಯುತ್ತದೆ. ಅಳುಗಿಂತ ಕೋಪವೇ ಜಾಸ್ತಿ.

ಶಿಕ್ಷೆ ಕಮ್ಮಿಯಾಯಿತು ಅಂತ ನಾವೇ ಮೇಲ್ಮನವಿ ಹಾಕುವಂತಿಲ್ಲ. ಆರೋಪಿ ಖುಲಾಸೆಯಾದರೆ, ಸಣ್ಣ ಅಪರಾಧ ಮಾತ್ರ ಸಾಬೀತು ಅಂದರೆ, ಪರಿಹಾರ ಸಾಲದಿದ್ದರೆ ನೊಂದವರು ಹೋಗಬಹುದು, 2009ರ ತಿದ್ದುಪಡಿ ಅಷ್ಟಕ್ಕೆ ದಾರಿ ಕೊಟ್ಟಿದೆ. ಶಿಕ್ಷೆ ಸಾಲದು ಅಂತ ಹೋಗಬೇಕಾದ್ದು ಸರ್ಕಾರವೇ, ಆಗಿದ್ದ ದಂಡ ಪ್ರಕ್ರಿಯಾ ಸಂಹಿತೆಯ 377ನೇ ಕಲಂನಲ್ಲಿ. ಸುಪ್ರೀಂ ಕೋರ್ಟ್ ಕೂಡ 2020ರಲ್ಲಿ ಹಾಗೇ ಹೇಳಿದೆ. ಇದು ನನಗೆ ಸರಿ ಕಾಣುವುದಿಲ್ಲ. ಏಟು ತಿಂದವನಿಗೆ ಇಷ್ಟು ಕೇಳುವ ಹಕ್ಕಾದರೂ ಬೇಡವಾ?

ಸರ್ಕಾರಿ ವಕೀಲರಾದ ಮೇಡಂ ತೀರ್ಪಿನ ನಕಲು ಸಿಕ್ಕ ವಾರದಲ್ಲೇ ಮೇಲ್ಮನವಿಗೆ ಅರ್ಹ ಅಂತ ಅಭಿಪ್ರಾಯ ಬರೆದು ಕಳಿಸಿದರು. ಜೊತೆಗೆ ನಮ್ಮನ್ನು ಕೂರಿಸಿ, ಅದೇ ಮೇಲ್ಮನವಿಯಲ್ಲಿ ಅವನೂ ಬಿಡುಗಡೆ ಕೇಳಬಹುದು, ಇರೋ ಎರಡು ವರ್ಷವೂ ಹೋಗಬಹುದು ಅಂತ ಬಿಡಿಸಿ ಹೇಳಿದರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮಾವನೇ ಬಾಯಿ ಬಿಟ್ಟರು: "ಹಾಕ್ಸಿ ಮೇಡಂ. ನಾನ್ ಹೇಳಿರೋದು ಯಾವ್ ಕೋರ್ಟಲ್ಲಿ ಓದಿದ್ರೂ ಅದೇ ಇರ್ತದೆ."

ಬೆಂಗಳೂರಿನಲ್ಲಿ ವಾದ ಮಾಡಿದ ಸರ್ಕಾರಿ ವಕೀಲರು, ಫೈಲು ಎಲ್ಲಿದೆ ಅಂತ ವಿಚಾರಿಸಿ ಹೇಳುತ್ತಿದ್ದ ಠಾಣೆಯ ಕಾನ್‌ಸ್ಟೇಬಲ್, ದೊಡ್ಡಾಸ್ಪತ್ರೆಯ ಡಾಕ್ಟರು, ನರ್ಸ್‌ಗಳು, ಮುಯ್ಯಾಳಾಗಿ ಬಂದು ನಮ್ಮ ಗದ್ದೆ ನಾಟಿ ಮಾಡಿಕೊಟ್ಟ ಕೇರಿಯವರು, ನಿಮಗೆಲ್ಲ ಕೈ ಮುಗಿಯುತ್ತೇನೆ.

ಶಿಕ್ಷೆ ಜಾಸ್ತಿಯಾದ ಮಾತ್ರಕ್ಕೆ ಅಣ್ಣನ ಬೆರಳು ಮಡಚುವುದಿಲ್ಲ. ಆದರೂ ತೀರ್ಪು ಓದಿ ಹೇಳಿದ ರಾತ್ರಿ ಅವನು ನಿದ್ದೆ ಮಾಡಿದ.

ನಿಮ್ಮಲ್ಲಿ ಯಾರಿಗಾದರೂ ಇಂಥದೇ ತೀರ್ಪು ಬಂದಿದ್ದರೆ ಸುಮ್ನೆ ಕೂರಬೇಡಿ, ಕೂಡಲೇ ಸರ್ಕಾರಿ ವಕೀಲರನ್ನು ಕಾಣಿ. ಹೈಕೋರ್ಟಿಗೆ ಹೋಗಲು 60 ದಿನದ ಗಡುವಿದೆ. ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ 2024ರ ಜುಲೈನಲ್ಲಿ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, ಶಿಕ್ಷೆ ಸಾಲದು ಅಂತ ಸರ್ಕಾರ ಹಾಕುವ ಈ ಮೇಲ್ಮನವಿ 418ನೇ ಕಲಂ. ಮೇಲ್ಮನವಿ ಹಾಕಿ ಅಂತ ನಾವು ಕೊಟ್ಟ ಅರ್ಜಿಯ ನಕಲು ನನ್ನ ಹತ್ತಿರ ಇದೆ, ಬೇಕಿದ್ದರೆ ಕೇಳಿ.