ಕಾಲಂ ಒಣಗಿದ ಕಥೆಗೆ ಎಷ್ಟು ಅಂಕ?

ಮಾನ್ಯ ಸಂಪಾದಕರೇ,

2024ರಲ್ಲಿ ಯುಜಿಸಿ ತಂದ ನಿಯಮದಂತೆ, ಜೆಆರ್‌ಎಫ್ (ಸಂಶೋಧನಾ ಶಿಷ್ಯವೇತನ) ಸಿಗದೆ ಬರೀ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಪಾಸಾದವರಿಗೆ ಪಿಎಚ್‌ಡಿ ಸೀಟು ಕೊಡುವಾಗ ನೆಟ್ ಅಂಕಕ್ಕೆ ಶೇ 70, ಸಂದರ್ಶನಕ್ಕೆ ಶೇ 30. ಈ 30ರಲ್ಲಿ ತಾಳ್ಮೆ, ನಾಲ್ಕು ಜನರ ಜೊತೆ ಹೊಂದಿಕೊಂಡು ಹೋಗುವ ಗುಣವನ್ನೂ ನೋಡಬೇಕು ಅನ್ನುವವರಿದ್ದಾರೆ. ನೋಡಲಿ, ನನಗೂ ಅದೇ ಬೇಕು. ಆದರೆ ಹೇಗೆ ನೋಡುತ್ತಾರೆ ಅನ್ನುವುದೇ ನನ್ನ ತಕರಾರು.

ರಸಾಯನ ವಿಜ್ಞಾನದ ಮೇಷ್ಟ್ರಾಗಿ ನಾನೂ ಇಂಥ ಸಂದರ್ಶನಗಳಲ್ಲಿ ಕೂತವಳು. ಒಮ್ಮೆ ಹಳ್ಳಿ ಕಡೆಯ ಹುಡುಗಿಯೊಬ್ಬಳು ಬಂದಳು. ಇಂಗ್ಲಿಷಿನಲ್ಲಿ "ನಿಮ್ಮ ಬಗ್ಗೆ ಹೇಳಿ" ಎಂದ ಕೂಡಲೇ ಬೆವತುಬಿಟ್ಟಳು. ನಾನು ಕನ್ನಡದಲ್ಲೇ, "ಏನಮ್ಮಾ, ಪ್ರಾಜೆಕ್ಟ್‌ನಲ್ಲಿ ಏನಾದ್ರೂ ಕೆಡಿಸಿದ್ದು ಇದೆಯಾ?" ಅಂದೆ. ನಕ್ಕಳು. ಕಾಲಂ ಅಂದರೆ ಮಿಶ್ರಣದಲ್ಲಿರುವುದನ್ನು ಬೇರ್ಪಡಿಸಲು ಸಿಲಿಕಾ ಪುಡಿ ತುಂಬಿದ ಗಾಜಿನ ಕೊಳವೆ. ಊಟಕ್ಕೆ ಹೋಗಿ ಬರುವಷ್ಟರಲ್ಲಿ ಅದರಲ್ಲಿದ್ದ ಸಾಲ್ವೆಂಟ್ (ದ್ರಾವಕ) ಪೂರ್ತಿ ಇಳಿದು, ಸಿಲಿಕಾ ಒಣಗಿ ಬಿರುಕು ಬಿಟ್ಟಿತ್ತಂತೆ. ಮೂರು ದಿನದ ಕೆಲಸ ಹಾಳು. ಸ್ಯಾಂಪಲ್ ಬೇರೆ ಸೀನಿಯರ್‌ದು. "ಅವತ್ತೇ ಹೋಗಿ ಹೇಳಿಬಿಟ್ಟೆ ಮೇಡಂ. ಬೈದರು. ಆಮೇಲೆ ಇಬ್ಬರೂ ಕೂತು ಮತ್ತೆ ಕಾಲಂ ಹಾಕಿದ್ವಿ."

ಲ್ಯಾಬಿಗೆ ಬೇಕಾದದ್ದು ಇದೇ ಅಲ್ವಾ? ನಮ್ಮ ಅಂಕಪಟ್ಟಿಯಲ್ಲೂ ಒಂದು ಕಾಲಂ ಇತ್ತು, 'ಪರ್ಸನಾಲಿಟಿ' ಅಂತ. ಅದರಲ್ಲಿ ಅವಳಿಗೆ ಹತ್ತಕ್ಕೆ ಮೂರು. ಅವಳ ಹಿಂದೆಯೇ ಬಂದು, ಸರಾಗ ಇಂಗ್ಲಿಷಿನಲ್ಲಿ ತಾನು ಟೀಂ ಪ್ಲೇಯರ್ ಎಂದವನಿಗೆ ಎಂಟು. ಪಟ್ಟಿಗೆ ನಾನೂ ಸಹಿ ಹಾಕಿದೆ.

ಉನ್ನತ ವ್ಯಾಸಂಗದ ಪ್ರವೇಶಕ್ಕೆ ಜಿಆರ್‌ಇ ಪರೀಕ್ಷೆ ನಡೆಸುವ ಅಮೆರಿಕದ ಇಟಿಎಸ್ ಸಂಸ್ಥೆ 2009ರಲ್ಲಿ ಒಂದು ದಾರಿ ಹಿಡಿದಿತ್ತು. ತಂಡದಲ್ಲಿ ಕೆಲಸ, ಪ್ರಾಮಾಣಿಕತೆ, ಸೋತರೂ ಕೈಬಿಡದಿರುವುದು ಹೀಗೆ ಆರು ಗುಣಗಳಿಗೆ, ವಿದ್ಯಾರ್ಥಿಯನ್ನು ಬಲ್ಲ ಮೇಷ್ಟ್ರುಗಳೇ ಅಂಕ ಹಾಕುವುದು. ಮುಂದೆ ಅದು ನಿಂತುಹೋಯಿತು. (ನಮ್ಮಲ್ಲಾದರೆ ಎಲ್ಲರಿಗೂ ಐದಕ್ಕೆ ಐದೇ. ಕೇಳಿದವರಿಗೆಲ್ಲ ಕ್ಯಾರಕ್ಟರ್ ಸರ್ಟಿಫಿಕೇಟ್ ಬರೆದುಕೊಟ್ಟ ಕೈ ನನ್ನದೂ.) ಟೆನೆಸ್ಸಿಯಲ್ಲಿ 2004ರಲ್ಲಿ ಶುರುವಾದ ಫಿಸ್ಕ್–ವ್ಯಾಂಡರ್‌ಬಿಲ್ಟ್ ಬ್ರಿಡ್ಜ್ ಕಾರ್ಯಕ್ರಮದ ದಾರಿ ಬೇರೆ. ಸ್ನಾತಕೋತ್ತರ ಪದವಿಯಿಂದ ಪಿಎಚ್‌ಡಿಗೆ ದಾಟಿಸುವ ಸೇತುವೆ ಅದು. ಜಿಆರ್‌ಇ ಅಂಕಕ್ಕೆ ಜೋತುಬೀಳದೆ, ಕಷ್ಟ ಬಂದಾಗ ಹೇಗೆ ನಿಭಾಯಿಸಿದರು ಎಂದು ಸಂದರ್ಶನದಲ್ಲಿ ಕೆದಕಿ ಕೇಳಿ ಆರಿಸಿಕೊಂಡರು. ಅಲ್ಲಿಂದ ಹೋಗಿ ಭೌತವಿಜ್ಞಾನ, ಖಗೋಳವಿಜ್ಞಾನದಲ್ಲಿ ಪಿಎಚ್‌ಡಿ ಮುಗಿಸಿದವರಿದ್ದಾರೆ.

ನಮ್ಮ ವಿಶ್ವವಿದ್ಯಾಲಯಗಳೂ ಮೊದಲು ಆ 'ಪರ್ಸನಾಲಿಟಿ' ಕಾಲಂ ತೆಗೆದುಹಾಕಲಿ. ಕೆಟ್ಟುಹೋದ ಒಂದು ಪ್ರಯೋಗದ ಬಗ್ಗೆ ಎಲ್ಲರಿಗೂ ಒಂದೇ ಪ್ರಶ್ನೆ ಕೇಳಲಿ. ಎಂಥ ಉತ್ತರಕ್ಕೆ ಎಷ್ಟು ಅಂಕ ಅನ್ನುವುದನ್ನು ಸಂದರ್ಶನಕ್ಕೆ ಮುಂಚೆಯೇ ಬರೆದಿಡಲಿ. ಕನ್ನಡದಲ್ಲಿ ಉತ್ತರ ಹೇಳಿದರೆ ಅಂಕ ಕಡಿಮೆಯಾಗದಿರಲಿ. ಥೀಸಿಸ್ ಬರೆಯುವ ಇಂಗ್ಲಿಷ್ ಐದು ವರ್ಷದಲ್ಲಿ ಬರುತ್ತದೆ. ಸಾಧ್ಯವಾದರೆ ಅಭ್ಯರ್ಥಿಯನ್ನು ಅರ್ಧ ದಿನ ಲ್ಯಾಬಿನಲ್ಲೇ ಬಿಡಲಿ, ಅಲ್ಲಿನ ಹುಡುಗರ ಜೊತೆ ಕೆಲಸ ಮಾಡಲಿ.

ಗೈಡುಗಳ ಸ್ವಭಾವಕ್ಕೆ ಅಂಕ ಹಾಕುವವರು ಯಾರು ಅನ್ನುವುದಕ್ಕೆ ಇನ್ನೊಂದು ಪತ್ರ ಬರೆಯುತ್ತೇನೆ.

– ನಿವೃತ್ತ ಪ್ರಾಧ್ಯಾಪಕಿ, ಧಾರವಾಡ