ಕೈಗವಸು ಕೊಟ್ಟರೆ ಸಾಕೇ?

ಮಾನ್ಯ ಸಂಪಾದಕರೇ,

ಮೊನ್ನೆ ಹೋಟೆಲೊಂದರಲ್ಲಿ ಊಟಕ್ಕೆ ಕೂತಿದ್ದೆ. ಬಡಿಸುವ ಹುಡುಗ ಕೈಗವಸು ಹಾಕಿದ್ದ. ಅದೇ ಕೈಯಲ್ಲಿ ದುಡ್ಡು ಎಣಿಸಿದ, ಮೇಜು ಒರೆಸಿದ, ಆಮೇಲೆ ನನ್ನ ತಟ್ಟೆಗೆ ಬಡಿಸಿದ. ಅವನನ್ನು ಬೈಯಲು ಮನಸ್ಸು ಬರಲಿಲ್ಲ. ಕೈಗವಸನ್ನು ಯಾವಾಗ ಬದಲಿಸಬೇಕು ಅಂತ ಅವನಿಗೆ ಯಾರೂ ಹೇಳಿಕೊಟ್ಟಂತಿರಲಿಲ್ಲ.

ಆಹಾರ ಸುರಕ್ಷತೆಯ ತರಬೇತಿ ಪಡೆದ ಸರ್ಟಿಫಿಕೇಟ್ ಎಷ್ಟೋ ಕಡೆ ಮ್ಯಾನೇಜರ್ ಹೆಸರಲ್ಲಿ ಮಾತ್ರ ಇರುತ್ತದೆ. ಹೆಚ್ಚುವವರು, ಬೇಯಿಸುವವರು, ಪಾತ್ರೆ ತೊಳೆಯುವವರು ಬೇರೆಯವರೇ ಅಲ್ವಾ? ಬೇಯಿಸಿದ್ದನ್ನು 2 ಗಂಟೆಗಿಂತ ಜಾಸ್ತಿ ಹೊರಗಿಡಬಾರದು, 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ರೋಗಾಣುಗಳು ಬೇಗ ಬೆಳೆಯುತ್ತವೆ ಅನ್ನೋದು ಗೊತ್ತಿರಬೇಕಾದ್ದು ಅವರಿಗೆ. ಮತ್ತೆ ಕುದಿಸಿದರೆ ಸರಿಹೋಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಕೆಲವು ಬ್ಯಾಕ್ಟೀರಿಯಾ ಬಿಟ್ಟ ವಿಷ ಕುದಿಸಿದರೂ ಹೋಗುವುದಿಲ್ಲ.

ಇನ್ನೊಂದು ಮಾತು. ವಾಂತಿ, ಭೇದಿ ಆದವರು ಅಡುಗೆಮನೆಗೆ ಬರಬಾರದು. ಆದರೆ ರಜೆ ಹಾಕಿದರೆ ಸಂಬಳ ಕಡಿತವಾಗುತ್ತದೆ ಅಂದರೆ ಯಾರು ತಾನೇ ಮನೆಯಲ್ಲಿರುತ್ತಾರೆ?

ತರಬೇತಿ ಕೆಲಸಗಾರರ ಭಾಷೆಯಲ್ಲಿರಲಿ. ಸುಮ್ನೆ ಪ್ರಶ್ನೆಪತ್ರಿಕೆ ತುಂಬಿಸುವ ಬದಲು ಸಿಂಕ್ ಮುಂದೆ ನಿಲ್ಲಿಸಿ, ಸೋಪು ಹಚ್ಚಿ 20 ಸೆಕೆಂಡ್ ಕೈ ತೊಳೆಯುವುದನ್ನು ಮಾಡಿಸಿ ತೋರಿಸಲಿ. ತರಬೇತಿ ದಿನದ ಕೂಲಿಯನ್ನು ಮಾಲೀಕರೇ ಕೊಡಲಿ.

– ಒಬ್ಬ ಓದುಗ