‘ಶಿಸ್ತಿನ ಸಿಪಾಯಿ’ ಐದು ಸಲ

ತಮ್ಮಾ,

ಉತ್ತರಾಖಂಡದ ಮುಖ್ಯಮಂತ್ರಿಯಾಗಿದ್ದ ಮೇಜರ್ ಜನರಲ್ ಭುವನ್ ಚಂದ್ರ ಖಂಡೂರಿ ಅವರ ಬಗ್ಗೆ ನೀನು ಬರೆದದ್ದನ್ನು ಎರಡು ಸಲ ಓದಿದೆ. ‘ಶಿಸ್ತಿನ ಸಿಪಾಯಿ’ ಅನ್ನೋ ಮಾತು ಐದು ಕಡೆ ಬಂದಿದೆ. ಐದನ್ನೂ ಹೊಡೆದುಹಾಕು. ಸಮವಸ್ತ್ರ ಕಂಡ ಕೂಡಲೇ ನಮ್ಮ ಪೆನ್ನು ಸೆಲ್ಯೂಟ್ ಹೊಡೆದುಬಿಡುತ್ತದೆ, ಅದೇ ತೊಂದರೆ.

ನಾನೂ ಹೊಡೆದವನೇ. ಬಹಳ ಹಿಂದೆ ನಿವೃತ್ತ ಸೈನಿಕರೊಬ್ಬರು ತೀರಿಕೊಂಡಾಗ ಗುಂಡು, ಗಡಿ, ಹಿಮ ಎಲ್ಲ ಸೇರಿಸಿ ಬರೆದೆ. ಅವರ ಹೆಂಡತಿ ಓದಿ, ‘ಚೆನ್ನಾಗಿದೆಯಪ್ಪಾ, ಆದ್ರೆ ಇವರು ಉಗ್ರಾಣದಲ್ಲಿ ಅಕ್ಕಿ ಬೇಳೆ ಲೆಕ್ಕ ಬರೀತಿದ್ರು’ ಅಂದರು. ಒಂದು ಮಾತು ಕೇಳಿದ್ದರೆ ಸಾಕಿತ್ತು.

ನೀನೂ ಕೇಳಿಲ್ಲ. ಖಂಡೂರಿ 1954ರಿಂದ 1990ರವರೆಗೆ ಸೇನೆಯ ಎಂಜಿನಿಯರ್ಸ್ ಕೋರ್‌ನಲ್ಲಿದ್ದವರು. ದಾರಿ ಮಾಡುವುದು, ಸೇತುವೆ ಹಾಕುವುದು ಅಲ್ಲಿನ ಕಸುಬು. 1991ರಲ್ಲಿ ಗಢವಾಲದಿಂದ ಲೋಕಸಭೆಗೆ ಗೆದ್ದರು. 1996ರಲ್ಲಿ ಸೋತು, 1998ರಲ್ಲಿ ಮತ್ತೆ ಬಂದರು. 2000ದಲ್ಲಿ ವಾಜಪೇಯಿ ಸರ್ಕಾರದಲ್ಲಿ ಸಿಕ್ಕ ಖಾತೆ ಯಾವುದು? ಅದೇ, ರಸ್ತೆ! ಕಥೆ ಇಲ್ಲಿದೆ, ನೀನು ಪದಕದಲ್ಲಿ ಹುಡುಕುತ್ತಿದ್ದೀಯ.

ಅವರ ಖಾತೆಯ ದೊಡ್ಡ ಕೆಲಸ, ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತ ಸೇರಿಸುವ ಸುವರ್ಣ ಚತುಷ್ಪಥ ಹೆದ್ದಾರಿ, 5,846 ಕಿಲೋಮೀಟರ್. ಅದರಲ್ಲಿ ತುಮಕೂರು, ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿಯ ದಾರಿಯೂ ಸೇರಿದೆ. ಮೊದಲು ಆ ದಾರಿಯಲ್ಲಿ ರಾತ್ರಿ ಬಸ್ಸು ಲಾರಿಯ ಹಿಂದೆಯೇ ಗಂಟೆಗಟ್ಟಲೆ ತೆವಳುತ್ತಿತ್ತು. ಡ್ರೈವರ್ ಬಲಕ್ಕೆ ಇಣುಕುವುದು, ಎದುರಿನ ಬೆಳಕು ಕಂಡು ಮತ್ತೆ ಎಡಕ್ಕೆ ಎಳೆಯುವುದು. ಈಗ ನಡುವೆ ಕಣಗಿಲೆ ಗಿಡ, ಆ ಕಡೆಯವರು ಆ ಕಡೆ. ಒಮ್ಮೆ ಚಿತ್ರದುರ್ಗದವರೆಗೆ ಹೋಗಿ ಬಾ. ಆಮೇಲೆ ಬರಿ.

2012ರ ಚುನಾವಣೆಯನ್ನು ಅರ್ಧ ಸಾಲಲ್ಲಿ ದಾಟಿಬಿಟ್ಟಿದ್ದೀಯ. ಅಲ್ಲಿ ನಿಲ್ಲಬೇಕಿತ್ತು! ಮುಖ್ಯಮಂತ್ರಿಯಾಗಿದ್ದ ಅವರ ಹೆಸರಿನಲ್ಲೇ ಉತ್ತರಾಖಂಡದಲ್ಲಿ ಬಿಜೆಪಿ ಪ್ರಚಾರ ಮಾಡಿತು. ‘ಖಂಡೂರಿ ಹೈ ಜರೂರಿ’, ಅಂದರೆ ಖಂಡೂರಿ ಬೇಕೇ ಬೇಕು. ಕಾಂಗ್ರೆಸ್‌ಗೆ 32, ಬಿಜೆಪಿಗೆ 31. ಕೋಟ್‌ದ್ವಾರ ಕ್ಷೇತ್ರದಲ್ಲಿ ಖಂಡೂರಿಯವರೇ ಕಾಂಗ್ರೆಸ್ ಎದುರು ಸೋತರು. ಆ ಒಂದು ಸೀಟು ಗೆದ್ದಿದ್ದರೆ ಲೆಕ್ಕ ತಿರುವುಮುರುವು ಆಗುತ್ತಿತ್ತು. ಅದಕ್ಕೆ ‘ವಿಧಿಯಾಟ’ ಅಂತ ಸೇರಿಸಲು ಕೈ ತುರಿಸುತ್ತದೆ. ಬೇಡ, ಅಂಕಿ ಸಾಕು.

ಇನ್ನೊಂದು. 2014ರಲ್ಲಿ ಮತ್ತೆ ಸಂಸದರಾಗಿ, ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯ ಅಧ್ಯಕ್ಷರಾದರು. 2018ರ ಮಾರ್ಚ್‌ನಲ್ಲಿ ಆ ಸಮಿತಿಯ ವರದಿ ಬಂತು: ಸೇನೆಯ ಶೇ 68ರಷ್ಟು ಸಾಮಗ್ರಿ ಹಳೇ ಕಾಲದ್ದು, ಹೊಸ ತಲೆಮಾರಿನದು ಬರೀ ಶೇ 8. ಆಳುವ ಪಕ್ಷದವರೇ ಅಧ್ಯಕ್ಷರಾಗಿದ್ದ ಸಮಿತಿ ಬರೆದದ್ದು, ನೆನಪಿರಲಿ. ಅದೇ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷರ ಕುರ್ಚಿಗೆ ಬೇರೆಯವರು ಬಂದರು. ‘ವರದಿಗಾಗಿಯೇ ತೆಗೆದರು’ ಅಂತ ಬರೆದಿದ್ದೀಯ. ನಿನ್ನ ಹತ್ತಿರ ಕಾಗದ ಇದೆಯಾ? ಇಲ್ಲ ಅಲ್ವಾ? ಹಾಗಾದರೆ ಎರಡು ತಿಂಗಳ ಹೆಸರನ್ನೂ ಪಕ್ಕಪಕ್ಕ ಇಟ್ಟು ಸುಮ್ನಿದ್ದುಬಿಡು.

2022ರಲ್ಲಿ ಅದೇ ಕೋಟ್‌ದ್ವಾರದಿಂದ ಅವರ ಮಗಳು ರಿತು ಖಂಡೂರಿ ಗೆದ್ದರು, ವಿಧಾನಸಭೆಯ ಸ್ಪೀಕರ್ ಆದರು. ಇದನ್ನು ಕೊನೆಯ ಪ್ಯಾರಾಕ್ಕೆ ಉಳಿಸಿಕೊಂಡಿದ್ದೀಯ, ಸಿನಿಮಾ ಮುಗಿದ ಹಾಗಾಗಿದೆ. ತೆಗೆದು 2012ರ ಸೋಲಿನ ಕೆಳಗೇ ಹಾಕು. ಚಿತ್ರದುರ್ಗಕ್ಕೆ ರಾತ್ರಿ ಬಸ್ಸಲ್ಲೇ ಹೋಗು, ಕಿಟಕಿ ಪಕ್ಕದ ಸೀಟು ಹಿಡಿ.

ನಿನ್ನ,
ಅಣ್ಣ